ಪಚ್ಚೆ, ಅಕ್ವಾಮರೀನ್ ಹರಳು ಸಂಗ್ರಹ: ಕರಾವಳಿಯಲ್ಲಿ ಶುರು ಮಾಡುವವರಿಗೆ

ಮಂಗಳೂರು, ಉಡುಪಿ ಕಡೆಯ ಓದುಗರಿಂದ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಬಾವಿ ತೋಡುವಾಗ ಹಸಿರು ಕಲ್ಲು ಸಿಕ್ಕಿದೆ, ಪಚ್ಚೆ ಇರಬಹುದೇ? ಆನ್‌ಲೈನಿನಲ್ಲಿ ಅಂಗೈ ಅಗಲದ ‘ಕಚ್ಚಾ ಪಚ್ಚೆ’ ಐನೂರು ರೂಪಾಯಿಗೆ ಸಿಗುತ್ತಿದೆ, ಕೊಳ್ಳಲೇ? ಕೊಂಡ ಕಲ್ಲಿಗೆ ಮಳೆಗಾಲದಲ್ಲಿ ತುಕ್ಕಿನ ಬಣ್ಣ, ಪೆಟ್ಟಿಗೆಗೆ ಬೂಷ್ಟು ಬಂತು, ಏನು ಮಾಡಲಿ? ಮೂರಕ್ಕೂ ಉತ್ತರ ಕೆಳಗಿನ ಹಂತಗಳಲ್ಲೇ ಇದೆ. ಇಲ್ಲಿ ಹೇಳುವುದು ಉಂಗುರಕ್ಕೆ ಕೂರಿಸುವ ಅರೆದ ಕಲ್ಲಿನ ಬಗ್ಗೆ ಅಲ್ಲ, ನೆಲದಲ್ಲಿ ಬೆಳೆದ ರೂಪದಲ್ಲೇ ಉಳಿದ ಹರಳಿನ ಬಗ್ಗೆ. ಚಿನ್ನದಂಗಡಿಯ ಕ್ಯಾರೆಟ್ ಲೆಕ್ಕ, ರಾಶಿ ನಕ್ಷತ್ರದ ಲೆಕ್ಕ ಎರಡನ್ನೂ ಬದಿಗಿಟ್ಟು ಓದಿ.

ಮೊದಲು ಹೆಸರುಗಳು

ಪಚ್ಚೆ ಮತ್ತು ಅಕ್ವಾಮರೀನ್ ಬೇರೆ ಬೇರೆ ಖನಿಜಗಳಲ್ಲ. ಎರಡೂ ಬೆರಿಲ್. ಬೆರಿಲಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ ಸೇರಿ ಆದ ಈ ಖನಿಜ ಶುದ್ಧವಾಗಿದ್ದರೆ ಬಣ್ಣವಿಲ್ಲದ್ದು. ಆಗ ಅದರ ಹೆಸರು ಗೋಷನೈಟ್. ಕ್ರೋಮಿಯಂ ಅಥವಾ ವನೇಡಿಯಂ ಚೂರು ಸೇರಿದರೆ ಪಚ್ಚೆ. ಕಬ್ಬಿಣ ಸೇರಿದರೆ ತಿಳಿನೀಲಿ ಅಕ್ವಾಮರೀನ್ ಅಥವಾ ಹಳದಿ ಹೀಲಿಯೋಡರ್. ಮ್ಯಾಂಗನೀಸ್ ಸೇರಿದರೆ ನಸುಗುಲಾಬಿ ಮಾರ್ಗನೈಟ್.

ಅಂಗಡಿಯ ಭಾಷೆಯಲ್ಲಿ ಎರಡು ಕಡೆ ಎಡವುತ್ತೀರಿ. ‘ಸ್ಫಟಿಕ’ ಎಂದರೆ ಪುಸ್ತಕದಲ್ಲಿ ಯಾವುದೇ ಹರಳು, ಆದರೆ ಪೂಜಾ ಸಾಮಗ್ರಿ ಅಂಗಡಿಯಲ್ಲಿ ಅದು ಜಪಮಾಲೆಯ ಬೆಣಚು, ಅಂದರೆ ಕ್ವಾರ್ಟ್ಜ್. ‘ವೈಡೂರ್ಯ’ ಇನ್ನೂ ತಮಾಷೆ. ಬೆರಿಲ್ ಎಂಬ ಪದ ಗ್ರೀಕ್, ಲ್ಯಾಟಿನ್ ದಾಟಿ ಹಿಂದೆ ಹೋದರೆ ಪ್ರಾಕೃತದ ‘ವೇಳುರಿಯ’, ಸಂಸ್ಕೃತದ ‘ವೈಡೂರ್ಯ’ಕ್ಕೇ ಮುಟ್ಟುತ್ತದೆ. ಅದರ ಮೂಲ ನಮ್ಮ ಬೇಲೂರಿನ ಹೆಸರಿರಬಹುದು ಎಂಬ ವಾದವೂ ಇದೆ. ಆದರೆ ಇವತ್ತು ರತ್ನದ ಅಂಗಡಿಯಲ್ಲಿ ವೈಡೂರ್ಯ ಕೇಳಿದರೆ ಬೆಕ್ಕಿನ ಕಣ್ಣಿನ ಕಲ್ಲನ್ನು ಕೊಡುತ್ತಾರೆ. ಅದು ಬೆರಿಲ್ ಅಲ್ಲವೇ ಅಲ್ಲ. ಆದ್ದರಿಂದ ಕೊಳ್ಳುವಾಗ ‘ಬೆರಿಲ್’ ಎಂದೇ ಕೇಳಿ, ಬಿಲ್ಲಿನಲ್ಲೂ ಹಾಗೇ ಬರೆಸಿ. ಜೈಪುರದವರ ಬಾಯಲ್ಲಿ ಪಚ್ಚೆ ‘ಪನ್ನಾ’.

ನಮ್ಮ ನೆಲದಲ್ಲಿ ಹುಡುಕಬೇಡಿ

ಕರಾವಳಿಯಲ್ಲಿ ಮೇಲೆ ಮುರಕಲ್ಲು, ಕೆಳಗೆ ನೈಸ್ ಶಿಲೆ. ಬೆರಿಲ್ ಬೆಳೆಯಲು ಸಾಮಾನ್ಯವಾಗಿ ಪೆಗ್ಮಟೈಟ್ ಬೇಕು. ಶಿಲಾರಸದ ಕೊನೆಯ ಪಾಲು ಬಿರುಕುಗಳಿಗೆ ನುಗ್ಗಿ, ದೊಡ್ಡ ದೊಡ್ಡ ಹರಳುಗಳಾಗಿ ಗಟ್ಟಿಯಾದ ಪಟ್ಟಿಯೇ ಪೆಗ್ಮಟೈಟ್. ಬಾವಿಯಲ್ಲಿ ಸಿಕ್ಕ ಬಿಳಿ ಅಥವಾ ನಸುಹಸಿರು ಕಲ್ಲು ಹೆಚ್ಚಾಗಿ ಬೆಣಚು. ಪಣಂಬೂರು, ಮಲ್ಪೆ ದಂಡೆಯಲ್ಲಿ ಸಿಗುವ ಮಸುಕು ಹಸಿರಿನ ಉರುಟು ‘ಹರಳು’ ಸಮುದ್ರ ಉಜ್ಜಿದ ಬಾಟಲಿ ಚೂರು.

ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪದ ಆರು ಮೂಲೆಯ ಕಂಬಗಳನ್ನು ನೋಡಿ ಹರಳೆಂದು ನಂಬುವವರಿದ್ದಾರೆ. ಅವು ಲಾವಾ ತಣಿದು ಕುಗ್ಗುವಾಗ ಒಡೆದ ಕಂಬಗಳು. ಹರಳಿನ ಆರು ಮುಖ ಅಣುಗಳ ಜೋಡಣೆಯಿಂದ ಬರುತ್ತದೆ, ಕಂಬದ ಆರು ಮುಖ ಬಿರುಕಿನಿಂದ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಚೂರು ಕಲ್ಲನ್ನೂ ತರಬೇಡಿ. ಇನ್ನು ಸುಳ್ಯ, ಸುಬ್ರಹ್ಮಣ್ಯ, ಕೊಡಗಿನ ಗಡಿಯ ಕಾಡುಗಳ ‘ಹರಳು ಕಲ್ಲು’ ಗಾರ್ನೆಟ್ ಮತ್ತು ಕುರಂದದ ಜಾತಿಯದು. ಅದರ ಅಕ್ರಮ ಅಗೆತ ಎಷ್ಟು ಬಾರಿ ಪೊಲೀಸ್ ಕೇಸಾಗಿದೆ ಎಂದು ಆ ಕಡೆಯವರನ್ನು ಕೇಳಿದರೆ ಹೇಳುತ್ತಾರೆ.

ಘಟ್ಟ ಹತ್ತಿದರೆ ಹಳೆ ಮೈಸೂರು ಭಾಗದ ಪೆಗ್ಮಟೈಟ್‌ಗಳಲ್ಲಿ ಬೆರಿಲ್ ಇದೆ ನಿಜ, ಆದರೆ ಹೆಚ್ಚಿನದು ಬೆಳಕು ದಾಟದ ಮಸುಕು ಹಸಿರು. ಸುತ್ತಿಗೆ ಹಿಡಿದು ಹೊರಡುವ ಮೊದಲು ಒಂದು ಮಾತು: ಬೆರಿಲ್ 2023ರ ತಿದ್ದುಪಡಿಯವರೆಗೆ ಪರಮಾಣು ಖನಿಜಗಳ ಪಟ್ಟಿಯಲ್ಲಿತ್ತು, ಈಗ ಮಹತ್ವದ ಖನಿಜಗಳ ಪಟ್ಟಿಯಲ್ಲಿದೆ. 1957ರ ಗಣಿ ಮತ್ತು ಖನಿಜ ಕಾಯ್ದೆಯಡಿ ಪರವಾನಗಿ ಇಲ್ಲದೆ ಅಗೆಯುವಂತಿಲ್ಲ, ಜಾಗ ಯಾರದ್ದೇ ಆಗಲಿ. ಹಾಗಾಗಿ ಕರಾವಳಿಯ ಸಂಗ್ರಹಕಾರನಿಗೆ ದಾರಿ ಒಂದೇ, ಕೊಳ್ಳುವುದು.

ಬೇಕಾದ ಸಾಮಾನು

- 10 ಪಟ್ಟು ದೊಡ್ಡದು ಮಾಡುವ ಲೂಪ್ (ಚಿನ್ನದ ಕೆಲಸದವರ ಕಣ್ಣುಗಾಜು). 30, 40 ಪಟ್ಟು ಎಂದು ಬರೆದ ಅಗ್ಗದವು ಬೇಡ. ಹಾಗೆ ಬರೆದದ್ದು ಬಹುಪಾಲು ಸುಳ್ಳು, ಅಂಚು ಮಸುಕು.
- 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ.
- 365 ನ್ಯಾನೋಮೀಟರಿನ ಯುವಿ ಟಾರ್ಚ್. ನೇರಳೆ ಬೆಳಕೇ ಜಾಸ್ತಿ ಚೆಲ್ಲುವ 395ರದ್ದು ಈ ಕೆಲಸಕ್ಕೆ ಸಾಲದು.
- ತೇವಾಂಶ ಮಾಪಕ (ಹೈಗ್ರೋಮೀಟರ್), ಸಿಲಿಕಾ ಜೆಲ್, ಗಾಳಿಯಾಡದ ಡಬ್ಬಗಳು.
- ಮೆದು ಹಲ್ಲುಜ್ಜುವ ಬ್ರಷ್, ಬಿದಿರಿನ ಕಡ್ಡಿ, ಡಿಸ್ಟಿಲ್ಡ್ ವಾಟರ್ (ಬ್ಯಾಟರಿಗೆ ಹಾಕುವುದೇ ಸಾಕು).

ಹಂತ 1: ಮೊದಲ ಕಲ್ಲು ಪಚ್ಚೆ ಆಗಬಾರದು

ಎಲ್ಲರಿಗೂ ಪಚ್ಚೆಯೇ ಬೇಕು, ಮೋಸವೂ ಅಲ್ಲೇ ಹೆಚ್ಚು. ಮೊದಲಿಗೆ 2ರಿಂದ 4 ಸೆಂ.ಮೀ. ಉದ್ದದ, ತುದಿ ಮುರಿಯದ ಒಂದು ಬಿಡಿ ಅಕ್ವಾಮರೀನ್ ಅಥವಾ ಗೋಷನೈಟ್ ಕೊಳ್ಳಿ. ಬಣ್ಣ ತೆಳುವಾಗಿದ್ದರೂ ಅಡ್ಡಿಯಿಲ್ಲ. ಬೆರಿಲ್‌ನ ನಿಜರೂಪ ಕಣ್ಣಿಗೆ ಪಳಗಲಿಕ್ಕೆ ಈ ಕಲ್ಲು: ಆರು ಬದಿಯ ಕಂಬ, ತಲೆ ಚಪ್ಪಟೆ, ಬದಿಗಳಲ್ಲಿ ಉದ್ದುದ್ದ ಗೀರು. ಬೆಣಚಿನಲ್ಲಿ ಗೀರು ಅಡ್ಡಡ್ಡ ಇರುತ್ತದೆ, ತಲೆ ಚೂಪು. ಟೂರ್ಮಲೀನ್‌ನಲ್ಲಿ ಗೀರು ಉದ್ದವೇ, ಆದರೆ ಅಡ್ಡ ಕತ್ತರಿಸಿದಂತೆ ನೋಡಿದರೆ ಬದಿ ಉಬ್ಬಿದ ತ್ರಿಕೋನ. ಈ ಮೂರನ್ನು ಕತ್ತಲಲ್ಲಿ ಬೆರಳಿನಿಂದಲೇ ಹೇಳುವಷ್ಟಾದ ಮೇಲೆ ಪಚ್ಚೆಗೆ ಹೋಗಿ.

ಹಂತ 2: ಊರು ಕೇಳಿ

ಸಂಗ್ರಹಕಾರನ ಕಲ್ಲಿಗೆ ಅರ್ಧ ಬೆಲೆ ಅದು ಹುಟ್ಟಿದ ಊರಿನದ್ದು. ‘ಆಫ್ರಿಕಾ’, ‘ಇಂಡಿಯಾ’ ಎಂದರೆ ಸಾಲದು. ಜಿಲ್ಲೆ, ಗಣಿ, ಸಾಧ್ಯವಾದರೆ ಯಾವ ಕಾಲದ್ದು ಎಂಬಷ್ಟಾದರೂ ಬೇಕು. ಊರು ಗೊತ್ತಿಲ್ಲದ ಚಂದದ ಹರಳು ಷೋಕೇಸಿನ ಸಾಮಾನು, ಅಷ್ಟೇ.

ಭಾರತದ ಪಚ್ಚೆ ಮುಖ್ಯವಾಗಿ ರಾಜಸ್ಥಾನದ ಅಜ್ಮೇರ್–ಮೇವಾಡ ಪಟ್ಟಿಯದು, 1940ರ ದಶಕದಲ್ಲಿ ಪತ್ತೆಯಾದದ್ದು. ಜಾರ್ಖಂಡಿನ ಗುಡಾಬಂದಾ, ತಮಿಳುನಾಡಿನ ಸಂಕರಿ–ಇಡಪ್ಪಾಡಿ ಸುತ್ತಲೂ ಸಿಕ್ಕಿದೆ. ಇಲ್ಲಿನ ಪಚ್ಚೆ ಕಪ್ಪು ಅಭ್ರಕದ ಪದರಗಲ್ಲಿನಲ್ಲಿ ಹುದುಗಿರುತ್ತದೆ. ಕೊಲಂಬಿಯಾದ ಮುಝೊ, ಚಿವೋರ್ ಗಣಿಗಳದ್ದು ಬೇರೆ ಬಗೆ: ಬಿಳಿ ಕ್ಯಾಲ್ಸೈಟ್, ಕರಿ ಶೇಲ್, ಜೊತೆಗೆ ಮಿನುಗುವ ಪೈರೈಟ್ (ಕಬ್ಬಿಣ, ಗಂಧಕ ಸೇರಿ ಆದ ಖನಿಜ). ಮಾರುವವನು ‘ಕೊಲಂಬಿಯಾ’ ಎಂದು ಹೇಳಿ ಅಭ್ರಕದಲ್ಲಿ ಹುದುಗಿದ ಕಲ್ಲು ತೋರಿಸಿದರೆ ನಮಸ್ಕಾರ ಹೇಳಿ ಎದ್ದು ಬನ್ನಿ.

ಅಕ್ವಾಮರೀನ್‌ಗೆ ತಮಿಳುನಾಡಿನ ಕಾಂಗೇಯಂ–ಕರೂರು ಕಡೆಯೇ ನಮಗೆ ಹತ್ತಿರ. ಕಾಂಗೇಯಂ ಬಳಿಯ ಪಡಿಯೂರಿನಲ್ಲಿ 1819ರ ಸುಮಾರಿಗೆ ಗಣಿ ನಡೆದಿತ್ತು. ಪಕ್ಕದ ಕೊಡುಮಣಲ್ ಉತ್ಖನನದಲ್ಲಿ ಬೆರಿಲ್ ಮಣಿ ಮಾಡುತ್ತಿದ್ದ ಕುರುಹು ಸಿಕ್ಕಿದೆ. ರೋಮಿನವರು ಹಡಗು ಕಟ್ಟಿಕೊಂಡು ಬಂದದ್ದರಲ್ಲಿ ಈ ಕಲ್ಲಿನ ಆಸೆಯೂ ಸೇರಿತ್ತು. ಹೊರದೇಶದ್ದಾದರೆ ನಮೀಬಿಯಾದ ಎರೊಂಗೊ, ಬ್ರೆಜಿಲಿನ ಮಿನಾಸ್ ಜೆರೈಸ್ ಹೆಸರುವಾಸಿ.

ಎಚ್ಚರ: ಗಲ್ಫಿನಲ್ಲಿರುವ ನೆಂಟರ ಕೈಯಲ್ಲಿ ದುಬೈಯಿಂದ ತರಿಸುವ ಯೋಚನೆ ನಮ್ಮ ಕಡೆ ಎಲ್ಲರಿಗೂ ಬರುತ್ತದೆ. ಅಲ್ಲಿ ಸುಲಭಕ್ಕೆ ಸಿಗುವ ಒಳ್ಳೆಯ ಅಕ್ವಾಮರೀನ್ ಹೆಚ್ಚಾಗಿ ಶಿಗರ್, ನಗರ್ ಕಣಿವೆಗಳದ್ದು, ಪಾಕಿಸ್ತಾನದ ಹೆಸರಿನಲ್ಲಿ ಬರುವುದು. 2025ರ ಮೇ 2ರ ಅಧಿಸೂಚನೆಯಂತೆ ಪಾಕಿಸ್ತಾನ ಮೂಲದ ಯಾವ ಸರಕನ್ನೂ, ಬೇರೆ ದೇಶದ ಮೂಲಕವೂ, ತರುವಂತಿಲ್ಲ. ತರಿಸುವ ಮೊದಲು ಆಗಿನ ಸ್ಥಿತಿ ನೋಡಿಕೊಳ್ಳಿ. ಬೇರೆ ದೇಶದ್ದಾದರೂ ಬಜ್ಪೆಯಲ್ಲಿ ಇಳಿದಾಗ ಬಿಲ್ ತೋರಿಸಿ ಘೋಷಿಸಿಯೇ ಬರಲಿ. ಅಂಚೆಯಲ್ಲಿ ಬರುವುದಾದರೆ ಕಸ್ಟಮ್ಸ್ ಚೀಟಿಯಲ್ಲಿ ಏನು ಬರೆದಿದೆ ಎಂಬುದು ಮುಖ್ಯ: ಸುಂಕದ ಪಟ್ಟಿಯಲ್ಲಿ ಅರೆಯದ ರತ್ನಗಲ್ಲಿಗೆ 7103, ಖನಿಜಶಾಸ್ತ್ರದ ಸಂಗ್ರಹ ಮಾದರಿಗೆ 9705 ಶೀರ್ಷಿಕೆ. ‘ಗಿಫ್ಟ್’ ಎಂದು ಬರೆಸಿದರೆ ಪೆಟ್ಟಿಗೆ ತಡೆದು ನಿಲ್ಲಬಹುದು.

ಹಂತ 3: ಕೊಳ್ಳುವ ಮೊದಲು ಲೂಪ್ ಹಿಡಿದು ನೋಡಿ

ಇಲ್ಲಿ ಅವಸರ ಮಾಡಬೇಡಿ. ಕಲ್ಲಿಗೆ ಹತ್ತು ನಿಮಿಷವಾದರೂ ಕೊಡಿ.

ಮುಖಗಳು. ನಿಜವಾದ ಹರಳಿನ ಮೈಮೇಲೆ ಬೆಳವಣಿಗೆಯ ಗೀರು, ಸಣ್ಣ ಮೆಟ್ಟಿಲು, ಕೆಲವೊಮ್ಮೆ ಚಪ್ಪಟೆ ತಲೆಯ ಮೇಲೆ ಆರು ಮೂಲೆಯ ಪುಟ್ಟ ಗುಳಿ ಕಾಣುತ್ತವೆ. ಮುರಿದ ಹರಳನ್ನು ಸಾಣೆ ಹಿಡಿದು ಹೊಸ ಮುಖ ಮಾಡಿದ್ದರೆ ಆ ಮುಖ ಕನ್ನಡಿಯಂತೆ ನುಣುಪು. ಮೇಲೆ ಒಂದೇ ದಿಕ್ಕಿನ ಸಣ್ಣ ಸಣ್ಣ ತರಚು, ಅಂಚು ತುಸು ಉರುಟು. ಗಾಜಿನ ಎರಕವಾದರೆ ಒಳಗೆ ದುಂಡನೆಯ ಗುಳ್ಳೆ, ಅಂಚಿನಲ್ಲಿ ಅಚ್ಚಿನ ಗೆರೆ.

ಕೂಡು ಜಾಗ. ಹರಳು ಮೂಲಶಿಲೆಯ (ಮೇಟ್ರಿಕ್ಸ್, ಅಂದರೆ ಹರಳು ಬೆಳೆದು ನಿಂತ ಕಲ್ಲು) ಒಳಗೆ ಹೇಗೆ ಇಳಿದಿದೆ ನೋಡಿ. ಹೆಚ್ಚು ಮೋಸ ನಡೆಯುವುದು ಇಲ್ಲೇ: ಪದರಗಲ್ಲಿನಲ್ಲಿ ತೂತು ಕೊರೆದು, ಬಿಡಿ ಹರಳು ನಿಲ್ಲಿಸಿ, ಎಪಾಕ್ಸಿ ಅಂಟಿನಲ್ಲಿ ಅಭ್ರಕದ ಪುಡಿ ಕಲಸಿ ಮೆತ್ತುತ್ತಾರೆ. ಕತ್ತಲೆ ಮೂಲೆಗೆ ಹೋಗಿ ಯುವಿ ಟಾರ್ಚ್ ಬಿಡಿ. ಅಂಟು ಬಹುತೇಕ ನೀಲಿ ಬಿಳುಪಾಗಿ ಹೊಳೆಯುತ್ತದೆ. ಅಭ್ರಕ, ಬೆರಿಲ್ ಸುಮ್ಮನಿರುತ್ತವೆ. ಮುರಿದ ಹರಳನ್ನು ಅಂಟಿಸಿದ್ದು ತಪ್ಪೇನಲ್ಲ, ಹೇಳಿ ಮಾರಿದರೆ. ಹಾಗೆ ಅಂಟಿಸಿದ್ದನ್ನು ‘ರಿಪೇರ್ಡ್’, ಇಲ್ಲದ ಭಾಗವನ್ನು ರಾಳದಿಂದ ತುಂಬಿದ್ದನ್ನು ‘ರೆಸ್ಟೋರ್ಡ್’ ಎನ್ನುತ್ತಾರೆ. ಎರಡಕ್ಕೂ ಬೆಲೆ ಇಳಿಯಬೇಕು, ಎರಡನೆಯದಕ್ಕೆ ಜಾಸ್ತಿ ಇಳಿಯಬೇಕು.

ಬಣ್ಣ. ಪಚ್ಚೆಯಲ್ಲಿ ಬಿರುಕು ಇಲ್ಲದಿರುವುದೇ ಅಪರೂಪ. ಬಿರುಕಿಗೆ ಬಣ್ಣವಿಲ್ಲದ ಎಣ್ಣೆ ತುಂಬುವುದು ಹಳೆಯ ರೂಢಿ. ಹಸಿರು ಬಣ್ಣ ಬೆರೆಸಿದ ಎಣ್ಣೆಯಾದರೆ ಅದು ಮೋಸ. ಲೂಪಿನಲ್ಲಿ ಹಸಿರು ಬಿರುಕುಗಳ ಉದ್ದಕ್ಕೆ ಬಲೆಯಂತೆ ಗಟ್ಟಿಯಾಗಿ, ಮಧ್ಯದಲ್ಲಿ ಬಿಳಿಚಾಗಿ ಕಂಡರೆ ಬಣ್ಣ ಹಾಕಿದ್ದು. ಮಾರುವವರ ಒಪ್ಪಿಗೆ ಪಡೆದು, ಅಸಿಟೋನ್ ಅದ್ದಿದ ಹತ್ತಿಕಡ್ಡಿಯನ್ನು ಮರೆಯ ಜಾಗದಲ್ಲಿ ಒಮ್ಮೆ ಒತ್ತಿ. ಹತ್ತಿ ಹಸಿರಾದರೆ ಮುಗಿಯಿತು. ಇಡೀ ಕಲ್ಲಿಗೆ ಒರೆಸಬೇಡಿ, ನ್ಯಾಯವಾದ ಎಣ್ಣೆಯೂ ಹೊರಗೆ ಬಂದು ಪಚ್ಚೆ ಬಿಳಿಚಿಕೊಳ್ಳುತ್ತದೆ.

ಐನೂರು ರೂಪಾಯಿಯ ಅಂಗೈ ಅಗಲದ ‘ಪಚ್ಚೆ’ ಸಾಮಾನ್ಯವಾಗಿ ಮೂರರಲ್ಲಿ ಒಂದು: ಬಣ್ಣ ಹಾಕಿದ ಬೆಣಚು, ಹಸಿರು ಫ್ಲೋರೈಟ್, ಅಥವಾ ಬಣ್ಣ ಮೆತ್ತಿದ ಕೀಳು ಬೆರಿಲ್.

ಹಂತ 4: ಮನೆಯಲ್ಲಿ ಪರೀಕ್ಷೆ

ಸಾಪೇಕ್ಷ ಸಾಂದ್ರತೆ (ಅದೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) ಬಿಡಿ ಹರಳಿಗೆ ಮಾತ್ರ ಹೊಂದುತ್ತದೆ, ಮೂಲಶಿಲೆ ಅಂಟಿದ್ದಕ್ಕೆ ಅಲ್ಲ.

ಹರಳನ್ನು ಒಣಗಿದ್ದಾಗ ತೂಗಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬಿಟ್ಟರೆ ಗುಳ್ಳೆ ಅಂಟುವುದಿಲ್ಲ. ಹರಳನ್ನು ಸಣ್ಣ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ತೂಗುಹಾಕಿ. ಆಗ ಕಾಣುವ ಅಂಕಿಯಿಂದ ಮೊದಲ ತೂಕವನ್ನು ಭಾಗಿಸಿ. ಮೊದಲ ತೂಕ 27.40 ಗ್ರಾಂ, ನೀರಿನಲ್ಲಿ 10.11 ಎಂದು ತೋರಿಸಿದರೆ 2.71. ಬೆರಿಲ್ ಸಾಮಾನ್ಯವಾಗಿ 2.7ರ ಆಸುಪಾಸು. ನೀಲಿ ಟೋಪಾಜ್ 3.5, ಫ್ಲೋರೈಟ್ 3.18, ಅಪಟೈಟ್ 3.2, ಟೂರ್ಮಲೀನ್ 3ರಿಂದ 3.2.

ಈ ಪರೀಕ್ಷೆಯ ದೌರ್ಬಲ್ಯ ಬೆಣಚು. ಅದು 2.65, ತೀರಾ ಹತ್ತಿರ. 10 ಗ್ರಾಂಗಿಂತ ಸಣ್ಣ ಹರಳಿನಲ್ಲಿ ಒಂದು ಗುಳ್ಳೆಯೇ ಉತ್ತರ ಬದಲಿಸುತ್ತದೆ. ಬೆಣಚನ್ನು ಬೇರ್ಪಡಿಸಲು ಗೀರಿನ ದಿಕ್ಕು ನಂಬಿ. ಖಚಿತವಾಗಿ ಬೇಕೆಂದರೆ ವಕ್ರೀಭವನಾಂಕ (ಕಲ್ಲಿನೊಳಗೆ ಬೆಳಕು ಎಷ್ಟು ಬಾಗುತ್ತದೆ ಎಂಬ ಲೆಕ್ಕ) ಅಳೆಯುವ ರತ್ನ ಪರೀಕ್ಷಾಲಯಕ್ಕೆ ಕಳಿಸಬೇಕು, ಬೆರಿಲ್ 1.57–1.59ರ ಸುತ್ತ, ಬೆಣಚು 1.54–1.55.

ಅಕ್ವಾಮರೀನ್‌ಗೆ ಖರ್ಚಿಲ್ಲದ ಇನ್ನೊಂದು ಪರೀಕ್ಷೆ ಇದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟ ತೆರೆಯಿರಿ. ಆ ಬೆಳಕು ಧ್ರುವೀಕೃತ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದು. ಹರಳಿನ ಬದಿ ನಿಮ್ಮ ಕಡೆ ಇರುವಂತೆ ಪರದೆಯ ಮುಂದೆ ಹಿಡಿದು, ಗಡಿಯಾರದ ಮುಳ್ಳಿನಂತೆ ತಿರುಗಿಸಿ. ಅಕ್ವಾಮರೀನ್ ಒಮ್ಮೆ ನೀಲಿ, ಕಾಲು ಸುತ್ತು ತಿರುಗಿದಾಗ ಬಹುತೇಕ ಬಣ್ಣವಿಲ್ಲದ್ದು. ನೀಲಿ ಗಾಜು ಹೇಗೆ ತಿರುಗಿಸಿದರೂ ಒಂದೇ ನೀಲಿ. ಆಮೇಲೆ ಚಪ್ಪಟೆ ತಲೆಯ ಕಡೆಯಿಂದ ಉದ್ದಕ್ಕೆ ನೋಡಿ: ಮಾಮೂಲಿ ಅಕ್ವಾಮರೀನ್ ಈ ದಿಕ್ಕಿನಲ್ಲಿ ಪೇಲವ. ಇಲ್ಲೇ ನೀಲಿ ಗಾಢವಾಗಿದ್ದರೆ ಅದು ಮ್ಯಾಕ್ಸಿಶೆ ಬಗೆಯ ಬೆರಿಲ್ ಇರಬಹುದು. ವಿಕಿರಣದಿಂದ ಬಂದ ಆ ಬಣ್ಣ ಬಿಸಿಲಿನಲ್ಲಿ ಮಾಸಿ ಹೋಗುತ್ತದೆ.

ಗೀರಿ ನೋಡುವ ಗಡಸುತನದ ಪರೀಕ್ಷೆ ಬೇಡ. ಬೆರಿಲ್ ಮೋಸ್ ಮಾಪಕದಲ್ಲಿ (ಗಡಸುತನದ 1ರಿಂದ 10ರ ಅಳತೆ) 7.5–8, ಗಾಜನ್ನು ಗೀರುತ್ತದೆ ನಿಜ, ಬೆಣಚೂ ಗೀರುತ್ತದೆ. ಉಳಿಯುವುದು ನಿಮ್ಮ ಹರಳಿನ ಅಂಚಿನ ಮುಕ್ಕು ಮಾತ್ರ. ಇನ್ನೊಂದು ವಿಷಯ, 400–450 ಡಿಗ್ರಿ ಸೆಲ್ಸಿಯಸಿಗೆ ಕಾಯಿಸಿ ಹಸಿರು ಛಾಯೆ ತೆಗೆದ ಅಕ್ವಾಮರೀನನ್ನು ಪ್ರಯೋಗಾಲಯವೂ ಹೇಳುವುದು ಕಷ್ಟ. ಅಲ್ಲಿ ಮಾರುವವರ ಮಾತೇ ಆಧಾರ.

ಹಂತ 5: ಸಾಗಣೆ

ಬೆಂಗಳೂರಿನಿಂದ ಬರುವ ಪಾರ್ಸೆಲ್ ಶಿರಾಡಿ ಘಾಟಿಯ ರಸ್ತೆಯಲ್ಲಿ ಕುಲುಕಿಕೊಂಡೇ ಬರುತ್ತದೆ ಎಂದು ಲೆಕ್ಕ ಹಾಕಿ ಕಟ್ಟಿಸಿ. ಹರಳಿಗೆ ಮೆದು ಟಿಶ್ಯೂ, ಅದರ ಮೇಲೆ ಗುಳ್ಳೆ ಹಾಳೆ, ಗಟ್ಟಿ ಸಣ್ಣ ಪೆಟ್ಟಿಗೆ. ಆ ಪೆಟ್ಟಿಗೆ ದೊಡ್ಡ ಪೆಟ್ಟಿಗೆಯೊಳಗೆ, ಸುತ್ತ 5 ಸೆಂ.ಮೀ. ಮೆತ್ತೆ. ಅಲುಗಿಸಿದರೆ ಸದ್ದು ಬರಬಾರದು. ಹತ್ತಿ ಸುತ್ತಬೇಡಿ ಎಂದು ಮೊದಲೇ ಹೇಳಿ. ಅಭ್ರಕದ ಪದರಕ್ಕೆ ಅದರ ಎಳೆ ಸಿಕ್ಕಿ, ಬಿಡಿಸುವಾಗ ಪದರವೇ ಕಿತ್ತು ಬರುತ್ತದೆ.

ಹಂತ 6: ಶುಚಿ ಮಾಡುವುದು

ಮೊದಲು ಏನೂ ಮಾಡದೆ ಮೂಲಶಿಲೆ ಯಾವುದೆಂದು ನೋಡಿ. ಬೆರಿಲ್ ಗಟ್ಟಿ, ಹಾಳಾಗುವುದು ಜೊತೆಗಿರುವುದು.

ಅಭ್ರಕದ ಪದರಗಲ್ಲಾದರೆ ನೆನೆಹಾಕಬೇಡಿ, ಪದರ ಬಿಡುತ್ತದೆ. ಒಣ ಬ್ರಷ್ ಸಾಕು. ಕ್ಯಾಲ್ಸೈಟ್ ಇದ್ದರೆ ಯಾವ ಆಮ್ಲವೂ ಬೇಡ, ನಿಂಬೆಹುಳಿ, ವಿನೆಗರ್ ಕೂಡ. ಫೆಲ್ಡ್‌ಸ್ಪಾರ್, ಬೆಣಚು ಜೊತೆಗಿನ ಅಕ್ವಾಮರೀನ್ ಆದರೆ ಡಿಸ್ಟಿಲ್ಡ್ ವಾಟರ್, ಬ್ರಷ್ ಬಳಸಬಹುದು. ಬಾವಿ ನೀರು ಬೇಡ. ಮುರಕಲ್ಲು ಸೀಮೆಯ ಎಷ್ಟೋ ಬಾವಿಗಳಲ್ಲಿ ಕಬ್ಬಿಣದ ಅಂಶ ಇರುತ್ತದೆ, ತೆಗೆಯಲು ಹೊರಟ ಕಲೆಯನ್ನು ಅದೇ ಮತ್ತೆ ಕೂರಿಸುತ್ತದೆ.

ಹಟಮಾರಿ ತುಕ್ಕಿನ ಕಲೆಗೆ ಆಕ್ಸಾಲಿಕ್ ಆಮ್ಲ: ಒಂದು ಲೀಟರ್ ಡಿಸ್ಟಿಲ್ಡ್ ವಾಟರಿಗೆ 50 ಗ್ರಾಂ, ಪ್ಲಾಸ್ಟಿಕ್ ಡಬ್ಬದಲ್ಲಿ, ಒಂದೆರಡು ದಿನ. ಆಮೇಲೆ ಅದರ ಎರಡರಷ್ಟು ದಿನ ನೀರು ಬದಲಿಸುತ್ತಾ ನೆನೆಹಾಕಿ, ಇಲ್ಲದಿದ್ದರೆ ಹಳದಿ ಲೇಪ ಉಳಿಯುತ್ತದೆ. ಇದು ವಿಷ. ಕೈಗವಸು, ಕನ್ನಡಕ ಬೇಕು. ಅಡುಗೆಮನೆಯಲ್ಲಿ ಮಾಡಕೂಡದು, ಕಾಯಿಸಕೂಡದು. ಚೆಲ್ಲುವ ಮೊದಲು ನೊರೆ ನಿಲ್ಲುವವರೆಗೆ ಅಡುಗೆ ಸೋಡಾ ಹಾಕಿ. ಎಣ್ಣೆ ತುಂಬಿದ ಪಚ್ಚೆಗೆ ಇದಾವುದೂ ಇಲ್ಲ. ಅಲ್ಟ್ರಾಸೋನಿಕ್ ಯಂತ್ರ, ಬಿಸಿನೀರು ಎರಡೂ ಶತ್ರು.

ಬೆರಿಲ್ ಹರಳನ್ನು ಕೈಯಲ್ಲಿ ಹಿಡಿಯುವುದರಿಂದ ಏನೂ ಆಗುವುದಿಲ್ಲ. ಕೊಯ್ಯುವುದು, ಅರೆಯುವುದು ಬೇರೆ ಮಾತು. ಒಳಗಿರುವುದು ಬೆರಿಲಿಯಂ; ಅದರ ಧೂಳು ಶ್ವಾಸಕೋಶಕ್ಕೆ ಹೋಗಕೂಡದು. ಮನೆಯ ಗ್ರೈಂಡರಿನಲ್ಲಿ ತಳ ಸಮ ಮಾಡುವ ಸಾಹಸ ಬೇಡ.

ಹಂತ 7: ಚೀಟಿ

ಕಲ್ಲು ಮನೆಗೆ ಬಂದ ದಿನವೇ ಬರೆಯಿರಿ. ಖನಿಜ, ಗಣಿ, ಜಿಲ್ಲೆ, ದೇಶ, ಅಳತೆ ಮಿ.ಮೀ.ನಲ್ಲಿ, ತೂಕ, ಯಾರಿಂದ, ಯಾವಾಗ, ಎಷ್ಟಕ್ಕೆ, ರಿಪೇರಿ ಇದೆಯೇ. ಹಳೆಯ ಚೀಟಿ ಜೊತೆಗೆ ಬಂದಿದ್ದರೆ ಎಷ್ಟೇ ಹರಿದಿರಲಿ, ಎಸೆಯಬೇಡಿ. ಕಲ್ಲಿನ ತಳದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಅಕ್ರಿಲಿಕ್ ಬಣ್ಣ ಹಚ್ಚಿ, ಒಣಗಿದ ಮೇಲೆ ಕಪ್ಪು ಇಂಡಿಯನ್ ಇಂಕಿನಲ್ಲಿ ಸಂಖ್ಯೆ ಬರೆಯಿರಿ. ಸಂಖ್ಯೆ ಹರಳಿನ ಮೇಲೆ ಬೇಡ, ಮೂಲಶಿಲೆಯ ಮೇಲೆ. ಬಿಡಿ ಹರಳಾದರೆ ಮುರಿದ ಬುಡದಲ್ಲಿ. ಕಾಗದದ ಚೀಟಿ ಸಣ್ಣ ಜಿಪ್ ಕವರಿನಲ್ಲಿರಲಿ, ನಮ್ಮಲ್ಲಿ ಬೆಳ್ಳಿಮೀನು ಹುಳಕ್ಕೆ ಕಾಗದವೆಂದರೆ ಹಬ್ಬ. ಜೆಲ್ ಪೆನ್ನಿನ ಅಕ್ಷರ ಮಳೆಗಾಲಕ್ಕೆ ಹರಡುತ್ತದೆ, ಪೆನ್ಸಿಲ್ ಉತ್ತಮ.

ಹಂತ 8: ಮಳೆಗಾಲ ದಾಟಿಸುವುದು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಯೊಳಗಿನ ತೇವಾಂಶ 80–90 ಪ್ರತಿಶತಕ್ಕೆ ಏರುತ್ತದೆ. ಬೆರಿಲ್‌ಗೆ ಇದರ ಲೆಕ್ಕವೇ ಇಲ್ಲ, ಆದರೆ ಕೊಲಂಬಿಯಾದ ಪಚ್ಚೆಯ ಜೊತೆಗಿನ ಪೈರೈಟ್‌ಗೆ ಇದೆ. 60 ಪ್ರತಿಶತ ದಾಟಿದರೆ ಪೈರೈಟ್ ಗಾಳಿ, ನೀರಿನೊಂದಿಗೆ ಸೇರಿ ಗಂಧಕಾಮ್ಲ ಬಿಡಲು ಶುರು ಮಾಡುತ್ತದೆ. ಮೊದಲು ಬಿಳಿ ಅಥವಾ ಹಳದಿ ಪುಡಿ, ಗಂಧಕದ ವಾಸನೆ. ಆಮೇಲೆ ಚೀಟಿ ಕಂದು ಬಣ್ಣಕ್ಕೆ ತಿರುಗಿ ಪುಡಿಯಾಗುತ್ತದೆ, ಕೊನೆಗೆ ಕ್ಯಾಲ್ಸೈಟೂ ಕರಗುತ್ತದೆ. ಒಂದು ಕಲ್ಲಿಗೆ ಹೀಗಾದರೆ ಆ ದಿನವೇ ಅದನ್ನು ಬೇರೆ ಡಬ್ಬಕ್ಕೆ ಹಾಕಿ.

ರಬ್ಬರ್ ಸುತ್ತಿನ, ಒತ್ತಿ ಮುಚ್ಚುವ ಪ್ಲಾಸ್ಟಿಕ್ ಡಬ್ಬ ತೆಗೆದುಕೊಳ್ಳಿ. 5 ಲೀಟರ್ ಡಬ್ಬಕ್ಕೆ 100 ಗ್ರಾಂ ಸಿಲಿಕಾ ಜೆಲ್ ಬಟ್ಟೆ ಚೀಲದಲ್ಲಿ, ಒಳಗೆ ಪುಟ್ಟ ತೇವಾಂಶ ಮಾಪಕ. 40–50ರಲ್ಲಿ ನಿಂತರೆ ಸರಿ. 55 ದಾಟಿದರೆ ಜೆಲ್ಲನ್ನು 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಓವನ್‌ನಲ್ಲಿ ಒಣಗಿಸಿ. ಕಿತ್ತಳೆ ಬಣ್ಣದ ಜೆಲ್ ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬೇಡ. ಡಬ್ಬ ಮುಚ್ಚುವುದು ಮೇ ತಿಂಗಳ ಒಣ ದಿನದಲ್ಲಿ. ಮಳೆ ಹಿಡಿದ ಮೇಲೆ ಮುಚ್ಚಿದರೆ ಮಳೆಯನ್ನೂ ಸೇರಿಸಿ ಮುಚ್ಚಿದ ಹಾಗೆ.

ರಟ್ಟಿನ ಪೆಟ್ಟಿಗೆ, ವೆಲ್ವೆಟ್, ಸ್ಪಂಜು ಮೂರೂ ಬೂಷ್ಟಿನ ಮನೆ. ಪಾಲಿಎಥಿಲೀನ್ ಫೋಮ್ ಹಾಳೆ ಕತ್ತರಿಸಿ ಹಾಸಿ. ನುಸಿಗುಳಿಗೆ ಇಡಬೇಡಿ, ಅದರ ಆವಿ ಡಬ್ಬದೊಳಗೆ ಎಲ್ಲದರ ಮೇಲೂ ಕೂರುತ್ತದೆ. ಪ್ರದರ್ಶನಕ್ಕೆ ಇಡುವುದಾದರೆ ಸಮುದ್ರದ ಕಡೆಯ ಗೋಡೆ ಬಿಟ್ಟು, ಗಾಜಿನ ಕಪಾಟಿನಲ್ಲಿ, ಎಲ್‌ಇಡಿ ದೀಪದಡಿ. ಹ್ಯಾಲೊಜನ್ ದೀಪದ ಕಾವಿಗೆ ಪಚ್ಚೆಯ ಎಣ್ಣೆ ಒಸರಿ, ಬಿರುಕುಗಳು ಬೆಳ್ಳಗೆ ಎದ್ದು ಕಾಣತೊಡಗುತ್ತವೆ.

ಅಕ್ಟೋಬರಿನಲ್ಲಿ ಬಿಸಿಲು ಕಂಡ ಮೇಲೆ ಡಬ್ಬ ತೆರೆದು ಒಂದೊಂದೇ ಕಲ್ಲನ್ನು ಲೂಪ್ ಹಿಡಿದು ನೋಡಿ, ಚೀಟಿಯ ಸಂಖ್ಯೆ ತಾಳೆ ಹಾಕಿ. ಪುಡಿ ಬಿದ್ದಿದೆಯೇ ಎಂದು ಮೊದಲು ನೋಡಬೇಕಾದದ್ದು ಕಲ್ಲಿನ ಮೇಲಲ್ಲ, ಅದರ ಅಡಿಯ ಫೋಮ್ ಮೇಲೆ.